ಅಂಟಿಕೊಂಡ ಹಾಳೆಗಳು

ಕೇಳುಗರಿಗೆ ನಮಸ್ಕಾರ.

ಹರ್ಷನಾಟಕದ, ಅಂದರೆ ನಗಿಸುವ ನಾಟಕದ, ವಿಷಯ ಮುಂದೆ ಹೇಳುತ್ತೇನೆ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಬರೆದಿದ್ದಾನೆ. ಆ ಭಾಗ ಇವತ್ತಿಗೂ ಸಿಕ್ಕಿಲ್ಲ. ಅದನ್ನೇ ಎಳೆಯಾಗಿ ಹಿಡಿದು ಇಟಲಿಯ ಉಂಬರ್ಟೊ ಎಕೊ ಹೆಣೆದ ಪತ್ತೇದಾರಿ ಕಾದಂಬರಿ 'ದಿ ನೇಮ್ ಆಫ್ ದಿ ರೋಸ್'. ಮೂಲ ಇಟಾಲಿಯನ್ ಪ್ರಕಟವಾದದ್ದು 1980ರಲ್ಲಿ.

ಕಥೆಯ ಕಾಲ 1327ರ ನವೆಂಬರ್ ಕೊನೆ. ಬೆಟ್ಟದ ಮೇಲಿನ ಕ್ರೈಸ್ತ ಮಠವೊಂದರಲ್ಲಿ ಏಳು ದಿನಗಳೊಳಗೆ ಒಬ್ಬರ ಹಿಂದೊಬ್ಬರು ಸನ್ಯಾಸಿಗಳು ಸಾಯುತ್ತಾರೆ. ಕೆಲವರ ಬೆರಳ ತುದಿಯೂ ನಾಲಿಗೆಯೂ ಕಪ್ಪಗಾಗಿರುತ್ತವೆ.

ಅರಿಸ್ಟಾಟಲನ ಆ ಸಿಗದ ಭಾಗದ ಪ್ರತಿಯೊಂದು ಈ ಮಠದಲ್ಲಿದೆ, ವಿಷ ಅದರ ಹಾಳೆಯಲ್ಲೇ ಇದೆ. ಬಟ್ಟೆಚಿಂದಿಯಿಂದ ಮಾಡಿದ ಮೆತ್ತನೆಯ ಕಾಗದ, ಒಂದಕ್ಕೊಂದು ಅಂಟಿಕೊಂಡ ಪುಟಗಳು. ಬೆರಳು ಎಂಜಲು ಮಾಡಿಕೊಂಡು ಬಿಡಿಸಬೇಕು, ಮತ್ತೆ ಅದೇ ಬೆರಳು ನಾಲಿಗೆಗೆ. ಎಂಜಲು ಬೆರಳಲ್ಲಿ ಪುಟ ತಿರುವಬೇಡ ಎಂದು ನಮ್ಮ ಮನೆಗಳಲ್ಲಿ ಗದರಿಸುವುದುಂಟಲ್ಲ, ಅದೇ ಅಭ್ಯಾಸ! ಎರಡು ಪುಟಕ್ಕೆ ಬೇಸತ್ತು ಮುಚ್ಚಿಟ್ಟವನು ಬದುಕಿಕೊಂಡಾನು. ಬಿಡಲಾರದೆ ಓದಿದವನಿಗೆ ಓದಿದಷ್ಟೂ ವಿಷ.

ನನಗೆ ಅದಕ್ಕಿಂತ ಹಿಡಿಸುವುದು ಇನ್ನೊಂದು ಜಾಗ. ತನಿಖೆಗೆ ನಿಂತ ವಿಲಿಯಂ ಮತ್ತು ಅವನ ಶಿಷ್ಯ ಆಡ್ಸೊ ಇಬ್ಬರ ಕಣ್ಣೆದುರಿಗೇ ಆ ಪುಸ್ತಕ ಒಮ್ಮೆ ಬರುತ್ತದೆ. ಹುಡುಕುತ್ತಿರುವುದು ಗ್ರೀಕ್, ಮೊದಲ ಹಾಳೆಗಳು ಅರಬ್ಬಿ. ಬಿಟ್ಟುಬಿಡುತ್ತಾರೆ. ಒಂದೇ ರಟ್ಟಿನೊಳಗೆ ನಾಲ್ಕು ಕೃತಿ ಸೇರಿಸಿ ಕಟ್ಟಿದ್ದಾರೆ, ಗ್ರೀಕ್ ಕೊನೆಯದು ಎಂಬುದು ಹೊಳೆಯುವಷ್ಟರಲ್ಲಿ ಪುಸ್ತಕ ಮಾಯ. ನಮ್ಮ ಓಲೆಗರಿಯ ಕಟ್ಟುಗಳಲ್ಲೂ ಹೀಗಾಗುತ್ತದೆ: ಮೊದಲ ಗರಿ ನೋಡಿ ಹೆಸರು ಬರೆದುಕೊಂಡರೆ ಒಳಗೆ ಕೂತ ಇನ್ನೊಂದು ಕೃತಿ ತಪ್ಪಿಹೋಗುತ್ತದೆ.

ಮಠದ ಗ್ರಂಥಾಲಯದಲ್ಲಿ 56 ಕೋಣೆಗಳು. ಆ ಪುಸ್ತಕವನ್ನು ಬಚ್ಚಿಡುವ ಗುಟ್ಟಿನ ಕೋಣೆಗೆ ಕನ್ನಡಿಯೇ ಬಾಗಿಲು. 'ನಾಲ್ಕರ ಮೊದಲನೆಯದು, ಏಳನೆಯದು' ಎಂಬುದು ಸುಳಿವು. ನಾಲ್ಕರಲ್ಲಿ ಏಳನೆಯದು ಎಲ್ಲಿಂದ ಬಂತು? ಕನ್ನಡಿಯ ಮೇಲ್ಗಡೆ ಕೆತ್ತಿದ ಸಾಲಿನಲ್ಲಿ ನಾಲ್ಕು ಎಂಬರ್ಥದ ಲ್ಯಾಟಿನ್ ಪದವಿದೆ, ಕ್ವಾತುಓರ್. ಲ್ಯಾಟಿನ್ನಿನಲ್ಲಿ ಅದಕ್ಕೆ ಏಳು ಅಕ್ಷರ. ಮೊದಲನೆಯದನ್ನೂ ಕೊನೆಯದನ್ನೂ ಒತ್ತಿದರೆ ಬಾಗಿಲು ತೆರೆಯುತ್ತದೆ.

ಮೊದಲ ನೂರು ಪುಟ ನಿಧಾನ. ಪಂಥಗಳ ವಾದವಿವಾದ ಭಾರವೆನಿಸಿದರೆ ಬೇಗ ದಾಟಿ, ಗ್ರಂಥಾಲಯದ ನಕ್ಷೆಯ ಹತ್ತಿರ ಮಾತ್ರ ನಿಂತು ನೋಡಿ.

ವಿಷ ಸವರಿದವನು ಮಠದ ಕುರುಡ ಮುದುಕ ಹೋರ್ಹೆ. ನಗುವಿಗೆ ಅರಿಸ್ಟಾಟಲನ ಮಾತಿನ ಬಲ ಸಿಕ್ಕರೆ ದೇವರ ಭಯ ಹೋಗುತ್ತದೆಂಬ ಅಂಜಿಕೆ ಅವನಿಗೆ. ಹಾಗಿದ್ದರೆ ಎಂದೋ ಸುಟ್ಟುಬಿಡಬಹುದಿತ್ತು. ಸುಡಲಿಲ್ಲ, ಬಚ್ಚಿಟ್ಟ. ಸಿಕ್ಕಿಬಿದ್ದ ರಾತ್ರಿ ಅದರ ಹಾಳೆಗಳನ್ನು ಹರಿದು ಹರಿದು ನುಂಗುತ್ತಾನೆ. ಆ ಗಲಾಟೆಯಲ್ಲಿ ದೀಪ ಉರುಳಿ ಮಠವೆಲ್ಲ ಮೂರು ದಿನ ಉರಿಯುತ್ತದೆ.

ಎಷ್ಟೋ ವರ್ಷಗಳ ಮೇಲೆ ಆಡ್ಸೊ ಅಲ್ಲಿಗೆ ಮರಳಿ, ಅವಶೇಷಗಳ ನಡುವೆ ಉಳಿದ ಚರ್ಮಪತ್ರದ ಚೂರುಗಳನ್ನು ಆಯುತ್ತಾನೆ. ಒಂದರಲ್ಲಿ ಅರ್ಧ ಪುಟ, ಇನ್ನೊಂದರಲ್ಲಿ ಬರೀ ಶೀರ್ಷಿಕೆ. ಎರಡು ಚೀಲ ತುಂಬುತ್ತವೆ. ಯಾವ ಚೂರು ಯಾವ ಪುಸ್ತಕದ್ದೆಂದು ಗುರುತಿಸುತ್ತ ಮುಂದೆ ವರ್ಷಗಟ್ಟಲೆ ಕೂರುತ್ತಾನೆ.