ಬಸ್ಸಿನಲ್ಲಿ ಊರಿಗೆ ಮರಳಿದ ಬಿಷಪ್

ಸಭಾಪಾಲಕರೇ, ಸಭಾ ಹಿರಿಯರೇ, ಹಿಂದಿನ ಬೆಂಚುಗಳನ್ನೇ ಹುಡುಕಿ ಕುಳಿತಿರುವ ಯುವಜನರೇ,

ಮಂಗಳೂರಿನಲ್ಲಿ ನಿಂತು ಯುರೋಪಿಗೆ ಸುವಾರ್ತೆ ಸಾರುವ ಚಿಂತೆ ಮಾಡುವುದು ನಿಮಗೆ ತಮಾಷೆಯಾಗಿ ಕಾಣಬಹುದು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಮೂವರು ಮಿಷನರಿಗಳು ಇಲ್ಲಿ ಬಂದಿಳಿದಾಗ ನಮ್ಮ ಹಿರಿಯರಿಗೂ ಹಾಗೆಯೇ ಕಂಡಿರಬೇಕು. ಈಗ ಅದೇ ಬಾಸೆಲಿನ ಎಲಿಸಬೆತ್ ದೇವಾಲಯದಲ್ಲಿ ಕಾಫಿ ಅಂಗಡಿ ಇದೆ. ಆರಾಧನೆಯೂ ಇದೆ ಅನ್ನಿ. ಇಂಗ್ಲೆಂಡ್ ಮತ್ತು ವೇಲ್ಸಿನ 2021ರ ಜನಗಣತಿಯಲ್ಲಿ ಕ್ರೈಸ್ತರೆಂದು ಬರೆಸಿದವರು ಶೇ. 46.2, ಅರ್ಧಕ್ಕಿಂತ ಕೆಳಗಿಳಿದದ್ದು ಅದೇ ಮೊದಲು.

ಅಂಕಿ ಸಾಕು. ಲೆಸ್ಲಿ ನ್ಯೂಬಿಗಿನ್ ಅವರ ಕಥೆ ಹೇಳುತ್ತೇನೆ. ಕೇಳಿದವರು ಇನ್ನೊಮ್ಮೆ ಕೇಳಿ. ಇಂಗ್ಲೆಂಡಿನವರು, 1936ರಲ್ಲಿ ಮಿಷನರಿಯಾಗಿ ಮದ್ರಾಸಿಗೆ ಬಂದವರು. ತಮಿಳು ಕಲಿತರು. ಕಾಂಚೀಪುರದಲ್ಲಿ ರಾಮಕೃಷ್ಣ ಮಠದ ಸನ್ಯಾಸಿಗಳ ಜೊತೆ ನೆಲದ ಮೇಲೆ ಕುಳಿತು ಒಮ್ಮೆ ಉಪನಿಷತ್ತು, ಇನ್ನೊಮ್ಮೆ ಯೋಹಾನನ ಸುವಾರ್ತೆ ಓದಿದರು. 1947ರಲ್ಲಿ ನಮ್ಮ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಬಿಷಪ್ ಆದರು. 1974ರಲ್ಲಿ ಊರಿಗೆ ಹೊರಟರಲ್ಲ, ವಿಮಾನ ಹತ್ತಲಿಲ್ಲ! ಹೆಂಡತಿ ಹೆಲೆನ್, ಎರಡು ಸೂಟ್‌ಕೇಸು, ಬೆನ್ನಿಗೊಂದು ಚೀಲ, ಸಿಕ್ಕ ಸಿಕ್ಕ ಬಸ್ಸು. (ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸೇ ಬೇಕೆನ್ನುವವರು ಇಲ್ಲಿದ್ದಾರೆ, ಹೆಸರು ಹೇಳುವುದಿಲ್ಲ.) ದಾರಿಯುದ್ದಕ್ಕೂ ಭಾನುವಾರಗಳಲ್ಲಿ ಆರಾಧನೆಗೆ ಯಾರಾದರೂ ಜೊತೆಯಾದರು. ಒಬ್ಬರೂ ಸಿಗದ ಜಾಗ ಒಂದೇ: ಟರ್ಕಿಯ ಕಪ್ಪದೋಕ್ಯ. ಯಾವ ಕಪ್ಪದೋಕ್ಯ? ನಾಲ್ಕನೇ ಶತಮಾನದಲ್ಲಿ ಬಸಿಲ, ಇಬ್ಬರು ಗ್ರೆಗೊರಿಗಳು ಎಂಬ ಬಿಷಪರು ತ್ರಯೇಕತ್ವದ (ತಂದೆ, ಮಗ, ಪವಿತ್ರಾತ್ಮ ಒಂದೇ ದೇವರೆಂಬ) ಬೋಧನೆಗೆ ರೂಪ ಕೊಟ್ಟ ಸೀಮೆ. ಅಲ್ಲಿ ಗಂಡ ಹೆಂಡತಿ ಇಬ್ಬರೇ ಆರಾಧನೆ ಮಾಡಿದರು. ಕಾಣಿಕೆ ತಟ್ಟೆ ಹಿಡಿಯಲೂ ಮೂರನೆಯವರಿಲ್ಲ.

ಎಪ್ಪತ್ತರ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮಿನ ಜೈಲಿನ ಎದುರು ಮುಚ್ಚಲು ಹೊರಟಿದ್ದ ಸಣ್ಣ ಸಭೆಯೊಂದನ್ನು ವಹಿಸಿಕೊಂಡು ಮನೆಮನೆಯ ಬಾಗಿಲು ತಟ್ಟಿದರು. ಏಷ್ಯಾದಿಂದ ಬಂದವರ ಮನೆಯಲ್ಲಿ ಒಳಗೆ ಕರೆದು ಉಪಚರಿಸುತ್ತಿದ್ದರು. ಅವರದೇ ಬಿಳಿಯ ಜನರ ಬಾಗಿಲು ಮುಖದ ಮೇಲೆಯೇ ಮುಚ್ಚುತ್ತಿತ್ತು. ಭಾರತದಲ್ಲಿ ಕಂಡ ಯಾವುದಕ್ಕಿಂತಲೂ ಈ ತಾತ್ಸಾರ ಕಠಿಣ ಎಂದು ಅವರು ಹೇಳಿಕೊಂಡರು.

ವಿರೋಧಿಸುವವನು ಒಂದಿಷ್ಟಾದರೂ ಕೇಳಿಸಿಕೊಂಡಿರುತ್ತಾನೆ. ‘ಅದೆಲ್ಲ ನಮ್ಮ ಅಜ್ಜಿಯ ಕಾಲದ್ದು’ ಎನ್ನುವವನಿಗೆ ಏನು ಹೇಳುತ್ತೀರಿ? ನನ್ನ ಹಳೆಯ ಹಟ ಇದೇ: ಮೊದಲು ಭಾಷೆ ಕಲಿಯಿರಿ. ಬಾಸೆಲ್ ಮಿಷನ್ನಿನ ಮೋಗ್ಲಿಂಗರು ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಅದೇ ಮಿಷನ್ನಿನ ಕಿಟ್ಟೆಲರು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಈಗ ಕೇರಳದ ಪಾದ್ರಿಗಳು ಜರ್ಮನಿಯ ಸಭೆಗಳಲ್ಲಿ ದುಡಿಯುತ್ತಿದ್ದಾರೆ. ಜರ್ಮನ್ ಕಲಿತೇ ಹೋಗಿದ್ದಾರೆ. ಆದರೆ ಸಭೆ ಬಿಟ್ಟವನ ಭಾಷೆ? ಅದಕ್ಕೆ ಕಿಟ್ಟೆಲರು ಇನ್ನೂ ಹುಟ್ಟಿಲ್ಲ.

ಅಧ್ಯಕ್ಷರ ಚೀಟಿ ಬಂತು. ಬರೆದುಕೊಂಡು ಬಂದದ್ದು ಐದು ಅಂಶ, ಆದದ್ದು ಒಂದೂವರೆ. ವಲಸಿಗರ ಸಭೆಗಳು, ಮಾರಾಟವಾಗುವ ದೇವಾಲಯಗಳು, ಎಲ್ಲ ಬಿಟ್ಟೆ. ಹಿಂದಿನ ಬೆಂಚಿನವರಿಗೆ ಒಂದೇ ಪ್ರಶ್ನೆ. ಆರಾಧನೆಗೆ ಬರುವುದನ್ನು ನಿಲ್ಲಿಸಿದ ಗೆಳೆಯನನ್ನು ಗದರಿಸದೆ ‘ಯಾಕಪ್ಪಾ?’ ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡವರು ಯಾರಿದ್ದೀರಿ? ಕೈ ಎತ್ತಿ.

ಇಬ್ಬರು. ಚಹಾದ ಹೊತ್ತಿಗೆ ನನ್ನ ಬಳಿ ಬನ್ನಿ, ಅವರು ಏನು ಹೇಳಿದರೆಂದು ನನಗೂ ಹೇಳಿ.