ಮಿಕ್ಸ್ ಮುಗಿಯಿತು, ಈಗ ಯಾವ ಫೈಲ್‌ನಲ್ಲಿ ಉಳಿಸಬೇಕು?

[ತೆರೆಯ ಮೇಲೆ: ಎಕ್ಸ್‌ಪೋರ್ಟ್ ಕಿಟಕಿ ತೆರೆದಿದೆ. ಕರ್ಸರ್ 'ಎಂಪಿ3' ಮೇಲೆ ನಿಂತಿದೆ.]

ನಮಸ್ಕಾರ. ಹಾಡು ಮಿಕ್ಸ್ ಮಾಡುವ ಎಲ್ಲರಿಗೂ ಈ ಕಿಟಕಿ ಗೊತ್ತು. ಹದಿನೈದು ದಿನ ಕೂತು ಮಿಕ್ಸ್ ಮಾಡಿದವರು ಇಲ್ಲಿ ಹದಿನೈದು ಸೆಕೆಂಡ್ ಕೂಡ ನಿಲ್ಲುವುದಿಲ್ಲ. ನಾನೂ ನಿಲ್ಲುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಭಾವಗೀತೆ ಮಿಕ್ಸ್ ಮಾಡಿದ್ದೆ. ಕೊಳಲು, ತಬಲಾ, ತಂಬೂರಿ, ಒಂದು ಹೆಣ್ಣು ದನಿ. ಅಷ್ಟೇ. ಶಬ್ದದ ಸ್ವಲ್ಪ ಭಾಗ ಎಸೆದು ಫೈಲ್ ಚಿಕ್ಕದು ಮಾಡುವ ಎಂಪಿ3 ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಎಲ್ಲರೂ ಮೆಚ್ಚಿಕೊಂಡರು. ಹಿಂಡದೆ ಪೂರ್ತಿ ಶಬ್ದ ಇಡುವ ವೇವ್ ಫೈಲ್ ಆಮೇಲೆ ತೆಗೆದರಾಯಿತು ಅಂತ ಬಿಟ್ಟೆ. ಒಂದು ದಿನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಆಮೇಲೆ ಅದೇ ಹಾಡು ಒಂದು ಸಾಕ್ಷ್ಯಚಿತ್ರಕ್ಕೆ ಬೇಕು ಅಂತ ಫೋನ್ ಬಂತು. ನನ್ನ ಹತ್ತಿರ ಉಳಿದಿದ್ದು ವಾಟ್ಸಾಪ್‌ನ ಆ ಎಂಪಿ3 ಒಂದೇ. ಅದನ್ನೇ ಕಳಿಸಿದೆ. ಅವತ್ತು ಆಕೆ ಹಾಡಿದ ಹಾಗೆ ಇನ್ನೊಮ್ಮೆ ಹಾಡಿಸೋಕೆ ಆಗುವುದಿಲ್ಲ, ಅಲ್ವಾ? ಆ ಬೇಜಾರು ಇನ್ನೂ ಹೋಗಿಲ್ಲ. ಅದಕ್ಕೇ ಈ ವಿಡಿಯೋ.

ಮೊದಲು ಒಂದು ಪ್ರಯೋಗ ಮಾಡೋಣ. ಹೆಡ್‌ಫೋನ್ ಹಾಕಿಕೊಳ್ಳಿ.

[ತೆರೆಯ ಮೇಲೆ: ಎರಡು ಟ್ರ್ಯಾಕ್. ಮೇಲೆ ವೇವ್, ಕೆಳಗೆ ಅದರಿಂದಲೇ ಮಾಡಿದ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3.]

ಎರಡನ್ನೂ ಸರಿಯಾಗಿ ಒಂದರ ಕೆಳಗೊಂದು ಜೋಡಿಸಿದ್ದೇನೆ. ಎಂಪಿ3 ಮಾಡುವಾಗ ಶುರುವಿನಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ, ಅದನ್ನು ಕತ್ತರಿಸಬೇಕು. ಈಗ ಕೆಳಗಿನ ಟ್ರ್ಯಾಕ್‌ನ ಫೇಸ್ ತಿರುಗಿಸುತ್ತೇನೆ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡುತ್ತೇನೆ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಹೊಡೆದುಹಾಕಿ ಪೂರ್ತಿ ಮೌನ ಬರಬೇಕು. ಕೇಳಿ.

[ಶಬ್ದ: ಎರಡರ ವ್ಯತ್ಯಾಸ ಮಾತ್ರ, 10 ಸೆಕೆಂಡ್.]

ಮೌನ ಇಲ್ಲ. ದನಿಯಲ್ಲಿನ 'ಸ', 'ಶ' ಅಕ್ಷರಗಳ ಗಾಳಿ ಇದೆ. ತಬಲಾದ ಕಿನಾರಿನ ಚುರುಕು ಇದೆ. ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಸಣ್ಣಗೆ ಮಿನುಗುತ್ತಿದೆ. ಈಗ ಎಂಪಿ3 ತೆಗೆದು ಫ್ಲ್ಯಾಕ್ ಫೈಲ್ ಹಾಕುತ್ತೇನೆ.

[ಶಬ್ದ: ಏನೂ ಇಲ್ಲ.]

ಪೂರ್ತಿ ಮೌನ. ಫ್ಲ್ಯಾಕ್ ಕೂಡ ಫೈಲ್ ಚಿಕ್ಕದು ಮಾಡುತ್ತದೆ. ಆದರೆ ಒಂದು ಬಿಟ್ ಕೂಡ ಎಸೆಯುವುದಿಲ್ಲ.

ನಿಜ ಹೇಳಬೇಕು ಅಂದರೆ, 320 ಕೆಬಿಪಿಎಸ್ ಎಂಪಿ3ಗೂ ವೇವ್‌ಗೂ ಇರುವ ವ್ಯತ್ಯಾಸ ಬಹಳ ಜನಕ್ಕೆ ಕೇಳುವುದೇ ಇಲ್ಲ. ತೊಂದರೆ ಕೇಳುವುದರಲ್ಲಿಲ್ಲ. ನಿಮ್ಮ ಫೈಲ್ ಮೇಲೆ ಮುಂದೆ ಕೆಲಸ ನಡೆಯುತ್ತದಲ್ಲ, ಅಲ್ಲಿದೆ. ಮಾಸ್ಟರಿಂಗ್‌ನಲ್ಲಿ, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ತಿದ್ದುಪಡಿಯಲ್ಲಿ, ಈಕ್ಯೂ (ದಪ್ಪ-ತೆಳು ನಾದ ಹೆಚ್ಚುಕಮ್ಮಿ ಮಾಡುವುದು), ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವುದು) ಹಾಕಿದಾಗ ಅಡಗಿದ್ದ ದೋಷ ಮೇಲೆ ಬರುತ್ತದೆ. ಆಮೇಲೆ ಸ್ಟ್ರೀಮಿಂಗ್ ಕಡೆಯವರು ಅದನ್ನು ತಮ್ಮ ಫಾರ್ಮ್ಯಾಟ್‌ಗೆ ಮತ್ತೆ ಹಿಂಡುತ್ತಾರೆ. ಒಮ್ಮೆ ಇಳಿಸಿದ ಕಾಫಿಪುಡಿಗೆ ಮತ್ತೆ ನೀರು ಹಾಕಿ ಎರಡನೇ ಡಿಕಾಕ್ಷನ್ ತೆಗೆದ ಹಾಗೆ. ಕಾಫಿ ಅನ್ನಬಹುದು, ಆದರೆ ಸತ್ವ ಎಲ್ಲಿದೆ?

ಹಾಗಾದರೆ ವೇವ್. ಮೈಕ್ರೋಸಾಫ್ಟ್ ಮತ್ತು ಐಬಿಎಂ 1991ರಲ್ಲಿ ತಂದ ಫಾರ್ಮ್ಯಾಟ್ ಇದು. ಇವತ್ತಿಗೂ ಯಾವ ಸ್ಟುಡಿಯೋಗೆ ಕೊಟ್ಟರೂ ತೆರೆದುಕೊಳ್ಳುತ್ತದೆ. ಆಪಲ್‌ನ ಎಐಎಫ್‌ಎಫ್ ಕೊಟ್ಟರೂ ಗುಣಮಟ್ಟದಲ್ಲಿ ವ್ಯತ್ಯಾಸ ಇಲ್ಲ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಮಾತು ಮಾತ್ರ ನೆನಪಿಡಿ: ಸಾಮಾನ್ಯ ವೇವ್ ಫೈಲ್ 4 ಜಿಬಿ ದಾಟುವುದಿಲ್ಲ. ಹಾಡಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು 96 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋದಲ್ಲಿ ಇಟ್ಟರೆ ಎರಡು ಗಂಟೆ ಕಳೆಯುತ್ತಿದ್ದ ಹಾಗೆ 4 ಜಿಬಿ ತುಂಬುತ್ತದೆ. ಅಂಥ ಕಡೆ 4 ಜಿಬಿ ದಾಟಬಲ್ಲ ವೇವ್ ಬಗೆಯಾದ ಆರ್‌ಎಫ್64 ಆರಿಸಿ, ಇಲ್ಲವೇ ಪ್ರಸಂಗವನ್ನು ತುಂಡು ಮಾಡಿ ಉಳಿಸಿ.

ಈಗ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಶಬ್ದವನ್ನು ಅಳೆದು ಬರೆಯುತ್ತೇವೆ ಅನ್ನುವುದು. ಜಾಸ್ತಿ ಎಡವುವುದು ಇಲ್ಲೇ.

ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂತು. ಅದರ ರೇಟ್ 44.1 ಕಿಲೋಹರ್ಟ್ಸ್. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಗೊತ್ತಾ? ಆಗ ಡಿಜಿಟಲ್ ಶಬ್ದವನ್ನು ವಿಡಿಯೋ ಟೇಪ್ ಮೇಲೆ ಬರೆಯುತ್ತಿದ್ದರು. ಚಿತ್ರದ ಒಂದೊಂದು ಗೆರೆಗೆ ಮೂರು ಸ್ಯಾಂಪಲ್. ಒಂದು ಫೀಲ್ಡ್‌ಗೆ, ಅಂದರೆ ಚಿತ್ರದ ಅರ್ಧ ಗೆರೆಗಳ ಕಂತಿಗೆ, 245 ಗೆರೆ, ಸೆಕೆಂಡಿಗೆ 60 ಫೀಲ್ಡ್. ಗುಣಿಸಿ ನೋಡಿ: 44,100. ಯುರೋಪಿನ ಲೆಕ್ಕ ಬೇರೆ, 294 ಗೆರೆ, 50 ಫೀಲ್ಡ್. ಅದನ್ನು ಗುಣಿಸಿದರೂ 44,100! ನನಗೆ ಈ ಲೆಕ್ಕ ತುಂಬಾ ಇಷ್ಟ. ಸಿನಿಮಾ, ವಿಡಿಯೋ ಕೆಲಸ ಮಾತ್ರ 48ರಲ್ಲಿ ನೆಲೆಯಾಯಿತು.

ನೀವು ಯಾವ ರೇಟ್‌ನಲ್ಲಿ ರೆಕಾರ್ಡ್ ಮಾಡಿ ಮಿಕ್ಸ್ ಮಾಡಿದ್ದೀರೋ ಅದರಲ್ಲೇ ಉಳಿಸಿ. 48ರಲ್ಲಿ ಹಾಡಿಸಿದ್ದನ್ನು ಸುಮ್ನೆ 96 ಮಾಡಿದರೆ ಫೈಲ್ ದಪ್ಪ ಆಗುತ್ತದೆ, ದನಿ ಅಷ್ಟೇ ಇರುತ್ತದೆ. ಬದಲಾಯಿಸಲೇಬೇಕು ಅಂದರೆ ಮಾಸ್ಟರಿಂಗ್‌ನವರು ಕೊನೆಯಲ್ಲಿ ಒಮ್ಮೆ ಬದಲಾಯಿಸಲಿ.

ರೇಟ್ ತಪ್ಪಾಗಿ ಓದಿದರೆ ಏನಾಗುತ್ತದೆ ಕೇಳಿ. ಇದು 44.1ರ ಫೈಲ್. ಬೇಕಂತಲೇ 48 ಅಂತ ನುಡಿಸುತ್ತೇನೆ.

[ಶಬ್ದ: ಪಲ್ಲವಿ ಮೊದಲು ಸರಿಯಾಗಿ, ಆಮೇಲೆ ತಪ್ಪು ರೇಟ್‌ನಲ್ಲಿ.]

ಲಯ ಓಡುತ್ತಿದೆ. ಶ್ರುತಿಯೂ ಹೆಚ್ಚುಕಮ್ಮಿ ಒಂದೂವರೆ ಸ್ವರಸ್ಥಾನ ಏರಿತು. ಕಪ್ಪು ಒಂದರಲ್ಲಿ ಹಾಡಿದ್ದು ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವೆ ಬಂದು ನಿಂತಿದೆ. ಹಾರ್ಮೋನಿಯಂನಲ್ಲಿ ಆ ಮನೆಯೇ ಇಲ್ಲ. ಅದಕ್ಕೇ ಫೈಲ್ ಹೆಸರಿನಲ್ಲೇ ರೇಟ್ ಬರೆಯಿರಿ.

ಇನ್ನು ಬಿಟ್ ಡೆಪ್ತ್, ಅಂದರೆ ಒಂದೊಂದು ಸ್ಯಾಂಪಲ್ ಅನ್ನು ಎಷ್ಟು ಬಿಟ್‌ನಲ್ಲಿ ಬರೆಯುತ್ತೇವೆ ಅನ್ನುವುದು. 16 ಬಿಟ್‌ಗೆ ಸುಮಾರು 96 ಡೆಸಿಬಲ್ ಹರವು, 24 ಬಿಟ್‌ಗೆ ಸುಮಾರು 144. ಸಿಡಿಗೆ 16 ಸಾಕು. ಆದರೆ ಮಿಕ್ಸ್ ಇನ್ನೂ ಪ್ರಯಾಣದಲ್ಲಿದೆ. ತಂಬೂರಿ ನಿಧಾನವಾಗಿ ಇಳಿಯುವ ಜಾಗ ನೋಡಿ. ನಾದ ಸಣ್ಣದಾದಂತೆ ಅದಕ್ಕೆ ಸಿಗುವ ಮೆಟ್ಟಿಲುಗಳೂ ಕಮ್ಮಿಯಾಗುತ್ತವೆ. 24 ಬಿಟ್‌ನಿಂದ 16ಕ್ಕೆ ಸುಮ್ನೆ ಕತ್ತರಿಸಿದರೆ ಆ ಕೊನೆಯ ಎಳೆ ನಯವಾಗಿ ಮುಗಿಯುವುದಿಲ್ಲ, ಗರಗರ ಅಂತ ಒಡೆಯುತ್ತದೆ. ಅದನ್ನು ತಪ್ಪಿಸೋಕೆ ಡಿದರ್ ಅಂತ ತೀರಾ ಸಣ್ಣ ಸದ್ದು ಬೆರೆಸುತ್ತಾರೆ. ಆ ಕೆಲಸವೂ 16ಕ್ಕೆ ಇಳಿಸುವ ಕೊನೆಯ ಹಂತದ್ದು, ನಿಮ್ಮದಲ್ಲ.

24 ಬಿಟ್ ಕೊಡಿ, ಸಾಕು. 32 ಬಿಟ್ ಫ್ಲೋಟ್, ಅಂದರೆ ಸೊನ್ನೆ ಡೆಸಿಬಲ್ ದಾಟಿದ ಸದ್ದನ್ನೂ ಹಿಡಿದಿಡುವ ಬಗೆ, ಕೊಟ್ಟರೆ ಇನ್ನೂ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕಾರಣ ತೋರಿಸುತ್ತೇನೆ.

[ತೆರೆಯ ಮೇಲೆ: ಮಾಸ್ಟರ್ ಮೀಟರ್ ಕೆಂಪು, ಸೊನ್ನೆಯ ಮೇಲೆ 3 ಡೆಸಿಬಲ್.]

ಇದೇ ಮಿಕ್ಸ್ ಎರಡು ಸಲ ರೆಂಡರ್ ಮಾಡಿದ್ದೇನೆ, ಅಂದರೆ ಫೈಲ್ ಆಗಿ ಹೊರತೆಗೆದಿದ್ದೇನೆ: ಒಂದು 24 ಬಿಟ್, ಇನ್ನೊಂದು ಫ್ಲೋಟ್. ಎರಡನ್ನೂ 6 ಡೆಸಿಬಲ್ ಇಳಿಸುತ್ತೇನೆ. 24 ಬಿಟ್ ಫೈಲ್‌ನಲ್ಲಿ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗಿದೆ, ಹೋದದ್ದು ಹೋಯಿತು. ಫ್ಲೋಟ್ ಫೈಲ್‌ನಲ್ಲಿ ಅಲೆ ಪೂರ್ತಿ ವಾಪಸ್ ಬಂತು. ಹಾಗಂತ ಕೆಂಪಿಗೆ ಹೊಡೆಯಬೇಡಿ. ಸದ್ದು ಜೋರಾಗಲಿ ಅಂತಲೇ ಮಾಸ್ಟರ್ ಮೇಲೆ ಹಾಕಿದ ಲಿಮಿಟರ್ ಇದ್ದರೆ ಅದನ್ನೂ ತೆಗೆದು ರೆಂಡರ್ ಮಾಡಿ.

ಜಾಗದ ಚಿಂತೆಯಾ? ಐದು ನಿಮಿಷದ ಹಾಡು 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋದಲ್ಲಿ ಸುಮಾರು 86 ಎಂಬಿ. ಫ್ಲೋಟ್ ಆದರೆ 115. ಒಂದು ಪೆನ್‌ಡ್ರೈವ್‌ನಲ್ಲಿ ಇಡೀ ಆಲ್ಬಂ ಕೂರುತ್ತದೆ. ಜೋಪಾನ ಮಾಡೋಕೆ 24 ಬಿಟ್ ವೇವ್‌ನಿಂದ ಫ್ಲ್ಯಾಕ್ ಮಾಡಿ ಬೇರೆ ಡಿಸ್ಕ್‌ನಲ್ಲಿ ಇಡಿ. ಫೈಲ್ ಕೆಟ್ಟಿದೆಯಾ ಅಂತ ಪರೀಕ್ಷಿಸುವ ಗುರುತು ಫ್ಲ್ಯಾಕ್ ಒಳಗೇ ಇರುತ್ತದೆ. ಎಂಪಿ3 ಬೇಡವೇ ಬೇಡ ಅಂತಲ್ಲ. ಗಾಯಕರು ಕಾರಿನಲ್ಲಿ ಕೇಳೋಕೆ ಅದನ್ನೂ ಕಳಿಸಿ, ವೇವ್ ತೆಗೆದ ಮೇಲೆ.

ರೆಂಡರ್ ಆದ ಫೈಲನ್ನು ಹೊಸ ಸೆಷನ್‌ನಲ್ಲಿ ತೆರೆದು ಶುರುವಿಂದ ಕೊನೆವರೆಗೆ ಒಮ್ಮೆ ಕೇಳಿ. ಕೊನೆಯ ಸಾಲು ಮುಗಿದ ಕೂಡಲೇ ನಿಲ್ಲಿಸಬೇಡಿ. ಎಕ್ಸ್‌ಪೋರ್ಟ್‌ನಲ್ಲಿ ಆರಿಸಿದ ಭಾಗದ ಉದ್ದ ಕಮ್ಮಿಯಾದರೆ ತಂಬೂರಿಯ ಬಾಲ ಕತ್ತರಿಸಿ ಹೋಗಿರುತ್ತದೆ. ಇದರಲ್ಲಿ ಉಳಿದಿದೆ, ಕೇಳಿ.

[ಶಬ್ದ: ತಂಬೂರಿ, ಪೂರ್ತಿ ಇಳಿಯುವವರೆಗೆ.]