ಮರಿಯಾ ಕ್ಯಾಲಸ್ ಅವರ ಗಂಟಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕಿವಿ, ಮೂಗು, ಗಂಟಲಿನ ಡಾಕ್ಟರು. ಸಾಮಾನ್ಯವಾಗಿ ಆಕಾಶವಾಣಿಯವರು ನನ್ನನ್ನು ಕರೆಯುವುದು ಮಳೆಗಾಲ ಶುರುವಾದಾಗ, ನೆಗಡಿ ಕೆಮ್ಮಿನ ಬಗ್ಗೆ ಮಾತಾಡಿ ಅಂತ. ಈ ಸಲ ಬೇರೆ ವಿಷಯ ಕೊಟ್ಟಿದ್ದಾರೆ. ನನಗೆ ಒಪೆರಾ ಹುಚ್ಚು ಇದೆ ಎಂದು ಯಾರೋ ಇವರ ಕಿವಿಗೆ ಹಾಕಿರಬೇಕು. 'ಮಹಾನ್ ಗಾಯಕಿ ಮರಿಯಾ ಕ್ಯಾಲಸ್ ಅವರ ನೊಂದ ಬದುಕಿನ ಬಗ್ಗೆ ಹದಿನೈದು ನಿಮಿಷ ಮಾತಾಡಿ' ಅಂದರು. ಒಪ್ಪಿಕೊಂಡೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈಕೆಯ ನೊಂದ ಬದುಕಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈಕೆಯ ಗಂಟಲಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ನಾನು ಗಂಟಲಿನ ಕಡೆಯಿಂದಲೇ ಶುರು ಮಾಡುತ್ತೇನೆ.

ಒಪೆರಾ ಅಂದರೆ ಏನು? ನಮ್ಮ ಹಳೇ ಕಂಪನಿ ನಾಟಕ ನೆನಪು ಮಾಡಿಕೊಳ್ಳಿ. ಪರದೆ ಇದೆ, ವೇಷ ಇದೆ, ರಾಜ ರಾಣಿ ಇದ್ದಾರೆ. ಆದರೆ ಇಲ್ಲಿ ಮಾತೂ ಹಾಡಿನಲ್ಲೇ. ಮುಂದೆ ಹತ್ತಾರು ಪಿಟೀಲು, ಕಹಳೆ, ನಗಾರಿ. ಮೈಕ್ ಇಲ್ಲ. ಮಿಲಾನ್ ಊರಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಸುಮಾರು 2000 ಜನ ಕೂರುತ್ತಾರೆ. ಆ ವಾದ್ಯಗಳನ್ನೆಲ್ಲ ದಾಟಿ, ಮೇಲಿನ ಕೊನೆಯ ಅಂತಸ್ತಿನಲ್ಲಿ ಕೂತವನಿಗೂ ಹಾಡು ಮುಟ್ಟಬೇಕು. ಇದೆಲ್ಲ ಯಾವುದರ ಮೇಲೆ ನಿಂತಿದೆ ಗೊತ್ತಾ? ನಿಮ್ಮ ಕತ್ತಿನ ಮುಂಭಾಗವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಅದರೊಳಗೆ ಎರಡು ಧ್ವನಿತಂತುಗಳಿವೆ. ಹೆಂಗಸರಲ್ಲಿ ಒಂದೊಂದೂ ಕಡಲೆಕಾಯಿ ಬೀಜದಷ್ಟು ಉದ್ದ, ಅಷ್ಟೇ. ಒಪೆರಾ ಗಾಯಕಿ ಮೇಲಿನ ಸ್ವರ ಮುಟ್ಟಿದಾಗ ಅವು ಒಂದು ಸೆಕೆಂಡಿಗೆ ಸಾವಿರ ಸಲ ಒಂದಕ್ಕೊಂದು ಬಡಿಯುತ್ತವೆ. ಸೆಕೆಂಡಿಗೆ ಸಾವಿರ ಸಲ! ಅವು ಉಕ್ಕಿನವಲ್ಲ. ಗಂಟಲು ಮಾಂಸದ್ದು.

ಈ ಮಾತನ್ನು ಇವತ್ತು ಇನ್ನೂ ಎರಡು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮರಿಯಾ ಹುಟ್ಟಿದ್ದು 1923ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕಿನಲ್ಲಿ. ಅಪ್ಪ ಅಮ್ಮ ಗ್ರೀಸ್ ದೇಶದವರು. ಅದೇ ವರ್ಷ ಹಡಗು ಹತ್ತಿ ಬಂದಿದ್ದರು. ಅಪ್ಪ ಔಷಧಿ ಅಂಗಡಿಯ ಕಸುಬಿನವರು. ಇವಳಿಗಿಂತ ಮೊದಲು ಹುಟ್ಟಿದ್ದ ಗಂಡು ಮಗು ತೀರಿಕೊಂಡಿತ್ತು. ಮತ್ತೆ ಗಂಡೇ ಹುಟ್ಟುತ್ತದೆ ಎಂದು ಕಾದಿದ್ದ ತಾಯಿ, ಹೆಣ್ಣು ಎಂದು ತಿಳಿದು ಕೆಲವು ದಿನ ಮಗುವಿನ ಮುಖವನ್ನೇ ನೋಡಲಿಲ್ಲವಂತೆ. ಇಂಥ ಕಥೆ ನಮ್ಮಲ್ಲೂ ಮನೆಮನೆಯಲ್ಲಿ ಕೇಳಿದ್ದೇವೆ ಅಲ್ವಾ? ಅಕ್ಕ ಚೆಲುವೆ. ಇವಳು ದಪ್ಪ, ಮೇಲೆ ದಪ್ಪ ಗಾಜಿನ ಕನ್ನಡಕ. ಆಮೇಲೆ ಹುಡುಗಿಗೆ ಕಂಠ ಇದೆ ಎಂದು ಅಮ್ಮನಿಗೆ ಗೊತ್ತಾಯಿತು. ಅಲ್ಲಿಂದ ಆಟ ಬಂದ್. ಹಾಡು, ಹಾಡು, ಹಾಡು. ನನ್ನ ಬಾಲ್ಯವನ್ನು ಕಿತ್ತುಕೊಂಡರು ಎಂದು ಮರಿಯಾ ದೊಡ್ಡವರಾದ ಮೇಲೂ ಹೇಳುತ್ತಿದ್ದರು. ತಾಯಿಯನ್ನು ಕ್ಷಮಿಸಲೇ ಇಲ್ಲ. 1950ರಲ್ಲಿ ಮೆಕ್ಸಿಕೋದಲ್ಲಿ ಇಬ್ಬರೂ ಜೊತೆಗಿದ್ದದ್ದೇ ಕೊನೆ. ಹತ್ತು ವರ್ಷ ಕಳೆದ ಮೇಲೆ ಆ ತಾಯಿ ಮಗಳ ಬಗ್ಗೆ ಪುಸ್ತಕವನ್ನೇ ಬರೆದರು. ಅದರಲ್ಲಿ ಮಗಳಿಗೆ ಬೈಗುಳವೇ ಜಾಸ್ತಿ.

ನಾನು ಮರುಗುವುದು ಬೇರೆ ಒಂದಕ್ಕೆ. 1937ರಲ್ಲಿ ತಾಯಿ, ಗಂಡನನ್ನು ಅಮೆರಿಕದಲ್ಲೇ ಬಿಟ್ಟು, ಮರಿಯಾಳನ್ನು ಕರೆದುಕೊಂಡು ಅಥೆನ್ಸ್‌ಗೆ ಹೊರಟರು. ಅಲ್ಲಿ ಎಲ್ವಿರಾ ದೆ ಹಿಡಾಲ್ಗೊ ಎಂಬ ಒಳ್ಳೆಯ ಗುರು ಸಿಕ್ಕರು. ಹುಡುಗಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುವಳು, ಸಂಜೆ ಎಲ್ಲರಿಗಿಂತ ಕೊನೆಗೆ ಹೋಗುವಳು. ಬೇರೆಯವರ ಪಾಠವನ್ನೂ ಕೂತು ಕೇಳುವಳು. ಅಷ್ಟರಲ್ಲಿ ಯುದ್ಧ ಬಂತು. ಜರ್ಮನ್ನರು ಊರು ಹಿಡಿದರು. 1941ರ ಚಳಿಗಾಲದಲ್ಲಿ ಅಥೆನ್ಸ್‌ನ ಬೀದಿಗಳಲ್ಲಿ ಜನ ಹಸಿವಿನಿಂದ ಸತ್ತು ಬಿದ್ದರು. ಅಂಥ ಊರಿನಲ್ಲಿ, 18 ವರ್ಷಕ್ಕೇ, ಈ ಹುಡುಗಿಯಿಂದ 'ಟೋಸ್ಕಾ' ಎಂಬ ಒಪೆರಾದ ನಾಯಕಿ ಟೋಸ್ಕಾಳ ಪಾತ್ರ ಹಾಡಿಸಿದರು. ಟೋಸ್ಕಾ ಅಂದರೆ ಪಳಗಿದ ಗಂಟಲಿನ ಕೆಲಸ. ನನ್ನ ಕ್ಲಿನಿಕ್ಕಿಗೆ 18ರ ಹುಡುಗಿಯೊಬ್ಬಳು ಬಂದು ಹೀಗೆ ಮಾಡುತ್ತೇನೆ ಅಂದಿದ್ದರೆ, ಅಪ್ಪ ಅಮ್ಮನನ್ನು ಕರೆಸಿ ಬೈದು ಕಳಿಸುತ್ತಿದ್ದೆ. ಗಂಟಲು ಮಾಂಸದ್ದು, ಅದೂ ಎಳೆಯದು.

1947ರಲ್ಲಿ ಇಟಲಿಗೆ ಬಂದರು. ವೆರೋನಾ ಊರಿನಲ್ಲಿ ಮೆನೆಗಿನಿ ಎಂಬ ಇಟ್ಟಿಗೆ ಕಾರ್ಖಾನೆಯ ಸಾಹುಕಾರರು ಜೊತೆಯಾದರು. ಮರಿಯಾಗಿಂತ ಸುಮಾರು 27 ವರ್ಷ ದೊಡ್ಡವರು. 1949ರಲ್ಲಿ ಮದುವೆ. ಅದೇ ವರ್ಷದ ಜನವರಿಯಲ್ಲಿ ವೆನಿಸ್‌ನಲ್ಲಿ ಒಂದು ಪವಾಡ ನಡೆಯಿತು. ವಾಗ್ನರ್ ಒಪೆರಾದ ಬ್ರುನ್‌ಹಿಲ್ಡೆ ಎಂಬ ಭಾರಿ ಪಾತ್ರ ಹಾಡುತ್ತಿದ್ದರು. ಮುಂದಿನ ಒಪೆರಾದ ನಾಯಕಿಗೆ ಕಾಯಿಲೆ ಬಂತು. ಅದು ಹಕ್ಕಿ ಹಾಡಿದ ಹಾಗೆ ಹಗುರವಾಗಿ ಹಾಡಬೇಕಾದ ಪಾತ್ರ. ಗುರು ಸಮಾನರಾದ ಸೆರಫಿನ್, ನೀನೇ ಹಾಡು ಅಂದರು. ಒಂದೇ ವಾರದಲ್ಲಿ ಕಲಿತು ಹಾಡಿದರು. ಕುಸ್ತಿ ಪೈಲ್ವಾನ ಮಾರನೇ ದಿನ ಹಗ್ಗದ ಮೇಲೆ ನಡೆದ ಹಾಗೆ. ಇಟಲಿಗೆ ಇಟಲಿಯೇ ಬೆರಗಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಗಂಟಲಿಗೆ ವಿಶ್ರಾಂತಿ ಬೇಡವೇ ಎಂದು ಯಾರೂ ಕೇಳಲಿಲ್ಲ.

ಈಗ ನನಗೆ ತುಂಬ ಇಷ್ಟವಾದ ಕಥೆ. ಇಷ್ಟ ಅಂದರೆ, ಪ್ರತಿ ಸಲ ಸಿಟ್ಟು ಬರಿಸುವ ಕಥೆ.

1958, ಜನವರಿ 2. ರೋಮ್ ಒಪೆರಾದಲ್ಲಿ ಹಂಗಾಮಿನ ಮೊದಲ ರಾತ್ರಿ. ಒಪೆರಾ 'ನೋರ್ಮಾ'. ಇಟಲಿಯ ರಾಷ್ಟ್ರಪತಿ ಗ್ರೊಂಕಿ ಅವರೇ ಹೆಂಡತಿಯ ಜೊತೆ ಬಂದಿದ್ದರು. ಹೆಂಗಸರ ಮೈಮೇಲೆ ವಜ್ರ, ತುಪ್ಪಳದ ಕೋಟು. ಇಡೀ ದೇಶ ರೇಡಿಯೋ ಮುಂದೆ ಕೂತಿತ್ತು, ಏಕೆಂದರೆ ಆ ರಾತ್ರಿ ನೇರ ಪ್ರಸಾರ. ಹೌದು, ರೇಡಿಯೋ. ನೀವು ಈಗ ಕೂತಿರುವ ಹಾಗೆಯೇ.

ಅದಕ್ಕೆ ಎರಡು ದಿನ ಮೊದಲು, ಡಿಸೆಂಬರ್ 31ರ ರಾತ್ರಿ, ಮರಿಯಾ ಟೆಲಿವಿಷನ್‌ನಲ್ಲಿ ಹಾಡಿದ್ದರು. ಆಮೇಲೆ ಹೊಸ ವರ್ಷಕ್ಕೆ ಎಲ್ಲರ ಹಾಗೆ ಒಂದು ಲೋಟ ಎತ್ತಿದರು. ಫೋಟೋದವರು ಅದನ್ನು ಹಿಡಿದರು. ಮಾರನೇ ಬೆಳಗ್ಗೆ ಎದ್ದರೆ ಸ್ವರವೇ ಇಲ್ಲ. ನನ್ನ ಹತ್ತಿರ ಬರುವ ಮೇಷ್ಟ್ರುಗಳು ಹೇಳುತ್ತಾರಲ್ಲ, 'ಡಾಕ್ಟ್ರೇ, ಬಾಯಿ ತೆಗೆದ್ರೆ ಗಾಳಿ ಬರುತ್ತೆ' ಅಂತ, ಹಾಗೆ. ಜೊತೆಗೆ ಹಾಡಬೇಕಿದ್ದ ಇನ್ನೊಬ್ಬ ಗಾಯಕಿ ಆಗಲೇ ಕಾಯಿಲೆ ಬಿದ್ದು ಬದಲಿಯವರು ಬಂದಿದ್ದರು. ನನಗೂ ಬದಲಿ ಇಟ್ಟುಕೊಳ್ಳಿ ಎಂದು ಮರಿಯಾ ಕಡೆಯವರು ರಂಗಮಂದಿರಕ್ಕೆ ತಿಳಿಸಿದರು. ಅವರು ಇಟ್ಟಿರಲಿಲ್ಲ. ಟಿಕೆಟ್ ಕೊಂಡವರು ಬಂದಿರುವುದು ಕ್ಯಾಲಸ್‌ಗೆ, ಬದಲಿಗಲ್ಲ ಅನ್ನುವ ಧಾಟಿ.

ಔಷಧಿ ಹಾಕಿಕೊಂಡು ವೇದಿಕೆಗೆ ಹೋದರು. ಮೊದಲ ಅಂಕದಲ್ಲೇ ಆ ಪ್ರಸಿದ್ಧ ಹಾಡು ಬರುತ್ತದೆ. ಪೂಜಾರಿಣಿ ನೋರ್ಮಾ ಚಂದ್ರನಿಗೆ ಮಾಡುವ ಪ್ರಾರ್ಥನೆ. ಉಸಿರನ್ನು ದಾರದ ಹಾಗೆ ಎಳೆದು ಎಳೆದು ಹಾಡಬೇಕು. ಗಂಟಲು ಊದಿಕೊಂಡವರು ಹಾಡಬಾರದ ಹಾಡು ಅಂತ ಏನಾದರೂ ಇದ್ದರೆ ಅದೇ. ಆ ಅಂಕದ ಧ್ವನಿಮುದ್ರಣ ಉಳಿದಿದೆ. ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ರೋಗಿಯನ್ನು ಪರೀಕ್ಷೆ ಮಾಡುವ ಹಾಗೆ. ಸೋತ ಗಂಟಲಿನಿಂದ ಆಕೆ ಹಾಡನ್ನು ದಡ ಮುಟ್ಟಿಸುತ್ತಾರೆ. ಹೇಗೆ ಮುಟ್ಟಿಸಿದರು ಎಂಬುದೇ ಆಶ್ಚರ್ಯ. ಕೇಳುವವರಿಗೆ ಅದು ಬೇಕಿರಲಿಲ್ಲ. ಮೇಲಿನ ಅಂತಸ್ತಿನಿಂದ ಕೂಗಾಟ ಶುರುವಾಯಿತು.

ಅಂಕ ಮುಗಿಯಿತು. ಮರಿಯಾ ತಮ್ಮ ಕೋಣೆಗೆ ಹೋಗಿ, ಇನ್ನು ಆಗುವುದಿಲ್ಲ ಅಂದರು. ಅಧಿಕಾರಿಗಳು ಬಂದು ಬೇಡಿದರು. ಹಾಡದಿದ್ದರೂ ಪರವಾಗಿಲ್ಲ, ವೇದಿಕೆ ಮೇಲೆ ನಿಂತು ಅಭಿನಯ ಮಾಡಿ ಸಾಕು ಅಂದವರೂ ಇದ್ದರಂತೆ. ನೋಡಿ, ಎಂಥ ಮಾತು! ಹೊರಗೆ ಜನ ಕಾದರು, ರಾಷ್ಟ್ರಪತಿ ಕಾದರು. ಕೊನೆಗೆ ಪ್ರದರ್ಶನ ರದ್ದು ಎಂಬ ಪ್ರಕಟಣೆ. ಆಮೇಲೆ ಗಲಾಟೆಯೋ ಗಲಾಟೆ. ಆ ರಂಗಮಂದಿರದಿಂದ ಪಕ್ಕದ ಕ್ವಿರಿನಾಲೆ ಹೋಟೆಲಿಗೆ ನೆಲದೊಳಗೆ ಒಂದು ದಾರಿ ಇದೆ. ಜಗತ್ತಿನ ಅತಿ ದೊಡ್ಡ ಗಾಯಕಿಯನ್ನು ಆ ಸುರಂಗದಲ್ಲಿ ಕಳ್ಳರನ್ನು ಸಾಗಿಸುವ ಹಾಗೆ ಸಾಗಿಸಿದರು. ಹೋಟೆಲಿನ ಕಿಟಕಿ ಕೆಳಗೂ ಜನ ಸೇರಿ ಬೈದರು.

ಡಾಕ್ಟರುಗಳು ಪರೀಕ್ಷಿಸಿ, ಕಾಯಿಲೆ ನಿಜ ಅಂದರು. ಯಾರು ಕೇಳುತ್ತಾರೆ? ಪತ್ರಿಕೆಗಳು ಹೊಸ ವರ್ಷದ ಲೋಟದ ಫೋಟೋ ಹಾಕಿದವು. ರಾಷ್ಟ್ರಪತಿಗೆ ಅವಮಾನ, ಗಾಯಕಿಗೆ ಸೊಕ್ಕು ಅಂತ ಬರೆದವು. ಆ ರಂಗಮಂದಿರ ಮುಂದಿನ ಪ್ರದರ್ಶನಗಳಿಗೆ ಆಕೆಯನ್ನು ಬಿಡಲೇ ಇಲ್ಲ. ಮರಿಯಾ ಕೋರ್ಟಿಗೆ ಹೋದರು. ಗೆದ್ದರು. ಯಾವಾಗ? 1971ರಲ್ಲಿ. ಹದಿಮೂರು ವರ್ಷ ಆದ ಮೇಲೆ. ಅಷ್ಟು ಹೊತ್ತಿಗೆ ಆಕೆ ವೇದಿಕೆ ಬಿಟ್ಟೇ ಆರು ವರ್ಷವಾಗಿತ್ತು.

ಬಸ್ ಡ್ರೈವರಿಗೆ ಜ್ವರ ಬಂದರೆ ರಜೆ ಇದೆ. ಕ್ಲರ್ಕಿಗೆ ಇದೆ. ಗಾಯಕಿಗೆ ಗಂಟಲು ಕಟ್ಟಿದರೆ ಮಾತ್ರ ಅದು ಸೊಕ್ಕು! ಗಂಟಲು ಮಾಂಸದ್ದು ಸ್ವಾಮಿ.

ಕಥೆ ಹೇಳುತ್ತಾ ಸಮಯ ಓಡಿಬಿಟ್ಟಿದೆ. ನೊಂದ ಬದುಕು ಅಂದರೆ ಎಲ್ಲರೂ ಹೇಳುವ ಪ್ರೇಮಕಥೆ ಬಾಕಿ ಇದೆ. ಬೇಗ ಹೇಳುತ್ತೇನೆ.

1953-54ರಲ್ಲಿ ಮರಿಯಾ 30 ಕಿಲೋಗಿಂತ ಹೆಚ್ಚು ತೂಕ ಇಳಿಸಿದರು. ಹೊಟ್ಟೆಯೊಳಗೆ ಲಾಡಿಹುಳು ಬಿಟ್ಟುಕೊಂಡರು ಎಂದು ಪುಕಾರು ಹುಟ್ಟಿತು. ಸುಮ್ನೆ ಕಟ್ಟಿದ ಕಥೆ. ಸಣ್ಣಗಾದ ಮೇಲೆ ಉಸಿರಿನ ಆಧಾರ ಕಡಿಮೆಯಾಯಿತು ಎನ್ನುವವರಿದ್ದಾರೆ, ನಾನೂ ಆ ಕಡೆಯವನೇ. 1957ರಲ್ಲಿ ವೆನಿಸ್‌ನ ಒಂದು ಔತಣದಲ್ಲಿ ಗ್ರೀಕ್ ಹಡಗುಗಳ ಕೋಟ್ಯಧೀಶ್ವರ ಒನಾಸಿಸ್ ಪರಿಚಯವಾಯಿತು. 1959ರ ಬೇಸಿಗೆಯಲ್ಲಿ ಆತನ ವಿಹಾರ ನೌಕೆಯಲ್ಲಿ ಗಂಡನ ಜೊತೆ ಪ್ರವಾಸ ಹೋದರು. ಚರ್ಚಿಲ್ ಕೂಡ ಆ ನೌಕೆಯಲ್ಲಿದ್ದರು. ಪ್ರವಾಸ ಮುಗಿಯುವ ಹೊತ್ತಿಗೆ ಮದುವೆಯೂ ಮುಗಿದಿತ್ತು. ಆ ಮದುವೆಯ ಕಟ್ಟಿನಿಂದ ಬಿಡಿಸಿಕೊಳ್ಳಲು 1966ರಲ್ಲಿ ಅಮೆರಿಕದ ಪೌರತ್ವವನ್ನೇ ಬಿಟ್ಟು ಗ್ರೀಕ್ ಪ್ರಜೆಯಾದರು. ಒನಾಸಿಸ್ ಮದುವೆಯಾದದ್ದು ಯಾರನ್ನು? 1968ರ ಅಕ್ಟೋಬರ್‌ನಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿ ಅವರ ವಿಧವೆ ಜಾಕ್ವೆಲಿನ್ ಅವರನ್ನು. ಇಷ್ಟೇ ಕಥೆ. ನಿಮಗೆ ಅರ್ಧ ಗೊತ್ತೇ ಇರಬಹುದು.

ಇದನ್ನು ಹೇಳಿದವರೆಲ್ಲ ಕೊನೆಗೆ ಒಂದು ಮಾತು ಸೇರಿಸುತ್ತಾರೆ: ಪ್ರೇಮ ಮುರಿಯಿತು, ದನಿ ಮುರಿಯಿತು ಅಂತ. ತಾರೀಖು ನೋಡಿ ಮಾತಾಡಬೇಕಲ್ಲ! ಮರಿಯಾ ಕೊನೆಯ ಬಾರಿ ಒಪೆರಾ ಹಾಡಿದ್ದು 1965ರ ಜುಲೈ 5ರಂದು, ಲಂಡನ್‌ನಲ್ಲಿ. ಅದೂ ಟೋಸ್ಕಾ. ಆಗ ವಯಸ್ಸು 41. ಒನಾಸಿಸ್ ಮದುವೆ ಅದಾಗಿ ಮೂರು ವರ್ಷಕ್ಕೆ. ಮುರಿಯುವ ಮೊದಲೇ ಗಂಟಲು ಸೋತಿತ್ತು. ಇಟಲಿಯ ಡಾಕ್ಟರೊಬ್ಬರು 2002ರಲ್ಲಿ ಬಾಯಿ ಬಿಟ್ಟರು: 1975ರಲ್ಲಿ ಮರಿಯಾ ಅವರನ್ನು ಪರೀಕ್ಷಿಸಿದಾಗ ಡರ್ಮಟೊಮಯೋಸೈಟಿಸ್ ಕಂಡಿತ್ತಂತೆ. ಚರ್ಮ ಮತ್ತು ಸ್ನಾಯುಗಳನ್ನು ಸೊರಗಿಸುವ ಕಾಯಿಲೆ ಅದು. ಗಂಟಲಿನದೂ ಸ್ನಾಯುವೇ. ಹೃದಯದ್ದೂ ಸ್ನಾಯುವೇ. ಇದರ ಬಗ್ಗೆ ನಾನು ಒಂದು ಗಂಟೆ ಮಾತಾಡಬಲ್ಲೆ. ಕೊಟ್ಟಿರುವುದು ಹದಿನೈದು ನಿಮಿಷ.

ಆಮೇಲಿನದು ಸ್ವಲ್ಪವೇ. ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಒಂದಷ್ಟು ಪಾಠ ಹೇಳಿದರು. 1973-74ರಲ್ಲಿ ಹಳೆಯ ಜೊತೆಗಾರ ದಿ ಸ್ಟೆಫಾನೊ ಜೊತೆ ದೇಶ ದೇಶ ಸುತ್ತಿ ಕಛೇರಿ ಮಾಡಿದರು. ಮಾಡಬಾರದಿತ್ತು, ನನ್ನ ಪ್ರಕಾರ. ಕೊನೆಯದು ಜಪಾನಿನ ಸಪ್ಪೊರೊ ಊರಿನಲ್ಲಿ. 1975ರಲ್ಲಿ ಒನಾಸಿಸ್ ತೀರಿಕೊಂಡರು. 1977ರ ಸೆಪ್ಟೆಂಬರ್ 16ರಂದು ಪ್ಯಾರಿಸ್‌ನ ಮನೆಯಲ್ಲಿ ಮರಿಯಾ ಹೋದರು. ಹೃದಯಾಘಾತ. 53 ವರ್ಷ.

ಇವತ್ತು ರಾತ್ರಿ ಮೊಬೈಲಿನಲ್ಲಿ ಹುಡುಕಿ ಒಂದು ಹಾಡು ಕೇಳಿ. ಮಿಲಾನ್‌ನಲ್ಲಿ 1953ರ ಆಗಸ್ಟ್‌ನಲ್ಲಿ ಮುದ್ರಿಸಿದ ಟೋಸ್ಕಾ. ದೆ ಸಬಾಟಾ ಎಂಬ ಹಟವಾದಿ ಅದರ ಸಂಗೀತ ನಡೆಸಿದ್ದು. ಸರಿ ಬರುವವರೆಗೆ ಒಂದೊಂದು ಸಾಲನ್ನು ಮತ್ತೆ ಮತ್ತೆ ಹಾಡಿಸಿದ ಮನುಷ್ಯ. ಮರಿಯಾಗೆ ಕಣ್ಣು ಎಷ್ಟು ಮಂದ ಅಂದರೆ, ವೇದಿಕೆ ಮೇಲೆ ನಿಂತಾಗ ಸಂಗೀತ ನಡೆಸುವವರ ಕೈ ಕಾಣುತ್ತಿರಲಿಲ್ಲ. ಹಾಗಾಗಿ ಎಲ್ಲರ ಸ್ವರವನ್ನೂ, ವಾದ್ಯಗಳದ್ದನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಎರಡನೇ ಅಂಕದಲ್ಲಿ ಟೋಸ್ಕಾ ದೇವರನ್ನು ಕೇಳುತ್ತಾಳೆ: ನಾನು ಯಾರಿಗೂ ಕೆಟ್ಟದ್ದು ಮಾಡಲಿಲ್ಲ, ನನಗೇಕೆ ಈ ಶಿಕ್ಷೆ? ಅದನ್ನು ಕೇಳಿದವರು ಕಣ್ಣೊರೆಸಿಕೊಂಡು, ಅಯ್ಯೋ ಒನಾಸಿಸ್ ಮೋಸ ಮಾಡಿದ ನೋವೆಲ್ಲ ಆ ದನಿಯಲ್ಲಿದೆ ಅನ್ನುತ್ತಾರೆ. ನನ್ನ ಮನೆಗೆ ಬಂದವರೂ ಅಂದಿದ್ದಾರೆ, ನನ್ನದೇ ಕಾಫಿ ಕುಡಿಯುತ್ತಾ.

1953. ಆಕೆಗೆ ಒನಾಸಿಸ್ ಪರಿಚಯವಾಗಲು ಇನ್ನೂ ನಾಲ್ಕು ವರ್ಷ ಇತ್ತು. ನಮಸ್ಕಾರ.